ಹಾಸ್ಪಿಸ್ ಚೆನ್ನಾಗಿದೆಯೋ ಇಲ್ಲವೋ, ನೋಡಿ ತಿಳಿಯುವುದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ (ದಾವಣಗೆರೆಯ ಸದಸ್ಯೆ): ಅಮ್ಮನಿಗೆ 67 ವರ್ಷ, ಗರ್ಭಕಂಠದ ಕ್ಯಾನ್ಸರ್. ರೇಡಿಯೇಷನ್, ಕೀಮೋ ಎರಡೂ ಆಯ್ತು. ಈಗ ಮೂಳೆಗೂ ಹರಡಿದೆ. ಇನ್ನು ಕ್ಯಾನ್ಸರ್‌ಗೆ ಔಷಧಿ ಬೇಡ, ನೋವು ಕಡಿಮೆ ಮಾಡುವ ಕಡೆ ಗಮನ ಕೊಡಿ ಅಂತ ಡಾಕ್ಟರ್ ಹೇಳಿ ಕಳಿಸಿದ್ದಾರೆ. ಬೆಂಗಳೂರಲ್ಲಿರುವ ತಮ್ಮ ಎರಡು ಹಾಸ್ಪಿಸ್ (ಕೊನೆಯ ಹಂತದ ರೋಗಿಗಳನ್ನು ನೋಡಿಕೊಳ್ಳುವ ಜಾಗ) ನೋಡಿ ಬಂದ. ಒಂದನ್ನು ಟ್ರಸ್ಟ್ ನಡೆಸುತ್ತೆ, ದುಡ್ಡು ತಗೊಳ್ಳಲ್ಲ, ಒಂದೇ ವಾರ್ಡಿನಲ್ಲಿ ಹಲವರು ಇರ್ತಾರೆ. ಇನ್ನೊಂದು ಖಾಸಗಿ. ಎಸಿ ರೂಮು, ಟಿವಿ, ಊಟದ ಮೆನು ಎಲ್ಲಾ ಇದೆ, ಒಂದು ತಿಂಗಳ ಮುಂಗಡ ಕೇಳ್ತಾರೆ. ತಮ್ಮ ಎರಡನೆಯದೇ ಇರಲಿ ಅಂತಾನೆ. ನನಗೆ ಯಾವುದನ್ನು ನೋಡಿ ತೀರ್ಮಾನ ಮಾಡಬೇಕು ಅನ್ನೋದೇ ತಿಳೀತಿಲ್ಲ. ಈ ಕೆಲಸದಲ್ಲಿ ಇರೋರು ದಯವಿಟ್ಟು ಹೇಳಿ.

ಉತ್ತರ (ಉಪಶಮನ ಆರೈಕೆಯ ನರ್ಸ್, ಬೆಂಗಳೂರು): ನಿಮ್ಮ ತಮ್ಮ ಎರಡೂ ಕಡೆ ಬಹುಶಃ ಹಗಲಲ್ಲಿ ಹೋಗಿ ಬಂದಿರ್ತಾರೆ. ಮೊದಲು ಎರಡೂ ಕಡೆಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿಸಿ: "ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ನೋವು ತಡೆಯಲಾರದಷ್ಟು ಬಂದರೆ ನೀವು ಏನು ಮಾಡ್ತೀರಿ?"

ಒಳ್ಳೆಯ ಕಡೆ ಈ ಪ್ರಶ್ನೆಗೆ ತಡವರಿಸಲ್ಲ. "ರಾತ್ರಿ ಡ್ಯೂಟಿಯಲ್ಲಿ ತರಬೇತಾದ ನರ್ಸ್ ಇರ್ತಾರೆ, ಫೈಲಿನಲ್ಲಿ ಡಾಕ್ಟರ್ ಮೊದಲೇ ಹೆಚ್ಚುವರಿ ಡೋಸ್ ಬರೆದಿಟ್ಟಿರ್ತಾರೆ, ಅದನ್ನು ತಕ್ಷಣ ಕೊಡ್ತೀವಿ, ಒಂದು ಗಂಟೆಯೊಳಗೆ ಮತ್ತೆ ಹೋಗಿ ನೋಡ್ತೀವಿ, ತಗ್ಗದಿದ್ದರೆ ಡಾಕ್ಟರಿಗೆ ಫೋನ್ ಮಾಡ್ತೀವಿ" ಅಂತ ಹೇಳ್ತಾರೆ. "ಬೆಳಿಗ್ಗೆ ಡಾಕ್ಟರ್ ರೌಂಡ್ಸಿಗೆ ಬಂದಾಗ ನೋಡ್ತಾರೆ" ಅಂತಲೋ, "ಹಾಗೇನಾದ್ರೂ ಆದ್ರೆ ಆಸ್ಪತ್ರೆಗೆ ಶಿಫ್ಟ್ ಮಾಡ್ತೀವಿ" ಅಂತಲೋ ಉತ್ತರ ಬಂದರೆ ಅಲ್ಲಿಗೆ ಸೇರಿಸಬೇಡಿ. ಅದು ಎಸಿ ಇರುವ ವೃದ್ಧಾಶ್ರಮ, ಹಾಸ್ಪಿಸ್ ಅಲ್ಲ.

ಎರಡನೆಯದು ಮಾರ್ಫಿನ್. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ ಪ್ಯಾರಾಸಿಟಮಾಲ್, ಟ್ರಮಡಾಲ್ ಕೆಲವು ದಿನ ನಡೆಯಬಹುದು, ಆಮೇಲೆ ಸಾಲದು. ಮಾರ್ಫಿನ್ ಎನ್‌ಡಿಪಿಎಸ್ ಕಾಯ್ದೆಯಡಿ, ಅಂದರೆ ಮಾದಕ ವಸ್ತುಗಳ ಕಾಯ್ದೆಯಡಿ ಬರುವ ಔಷಧ. 2014ರ ತಿದ್ದುಪಡಿಗೆ ಮುಂಚೆ ಅದನ್ನು ಇಟ್ಟುಕೊಳ್ಳಲು ಹಲವು ಲೈಸೆನ್ಸ್ ಬೇಕಿತ್ತು. ಈಗ ರಾಜ್ಯದ ಔಷಧ ನಿಯಂತ್ರಕರಿಂದ "ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ" ಅನ್ನಿಸಿಕೊಂಡರೆ ಸಾಕು. ಇದನ್ನೇ ಆರ್‌ಎಂಐ ಅಂತಾರೆ. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿದಂತೆ 6 ಔಷಧಗಳಿಗೆ ಇದು ಅನ್ವಯ. ಹಾಗಾಗಿ ನೇರವಾಗಿ ಕೇಳಿ: "ಆರ್‌ಎಂಐ ಇದೆಯಾ? ಮಾರ್ಫಿನ್ ಮಾತ್ರೆ ನಿಮ್ಮಲ್ಲೇ ಇದೆಯಾ, ಹೊರಗಿಂದ ನಾವು ತರಬೇಕಾ?" ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಸೇರಿಸಿಕೊಂಡು ಮಾರ್ಫಿನ್ ಇಟ್ಟುಕೊಳ್ಳದ ಜಾಗಗಳಿವೆ. ಅಂಥ ಕಡೆಯಿಂದ ನಮ್ಮಲ್ಲಿಗೆ ಬರುವ ರೋಗಿಗಳ ಮುಖ ನೋಡಿದರೆ ಹೊಟ್ಟೆ ಉರಿಯುತ್ತೆ.

ಮಾರ್ಫಿನ್ ಇದೆ ಅಂದರೆ ಮುಂದಿನ ಪ್ರಶ್ನೆ: "ಹೇಗೆ ಕೊಡ್ತೀರಿ?" ಬೇಗ ಕೆಲಸ ಮಾಡುವ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ನೋವು ಬಂದು ರೋಗಿ ಅತ್ತು ಕೇಳುವವರೆಗೆ ಕಾಯುವುದಲ್ಲ. ಜೊತೆಗೆ ಮೊದಲ ದಿನದಿಂದಲೇ ಮಲ ಸಡಿಲವಾಗುವ ಔಷಧಿ ಇರಲೇಬೇಕು. ಮಾರ್ಫಿನ್ನಿನಿಂದ ಬರುವ ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ತಗ್ಗುತ್ತವೆ, ಮಲಬದ್ಧತೆ ಮಾತ್ರ ತಗ್ಗಲ್ಲ. ವಾರಗಟ್ಟಲೆ ಹೊಟ್ಟೆ ಕಟ್ಟಿಕೊಂಡು ನರಳುವುದು ನೋವಿಗಿಂತ ಕಡಿಮೆ ಹಿಂಸೆಯಲ್ಲ. ಮಾರ್ಫಿನ್ ಬರೆದು ಇದನ್ನು ಬರೆಯದ ಡಾಕ್ಟರಿಗೆ ಈ ಕೆಲಸದ ತರಬೇತಿ ಆಗಿಲ್ಲ ಅಂತಲೇ ತಿಳಿಯಿರಿ.

ಇನ್ನು ತಮ್ಮನನ್ನು ಮತ್ತೊಮ್ಮೆ ಕಳಿಸಿ, ಈ ಸಲ ಸಂಜೆ ಏಳರ ಮೇಲೆ. ರೂಮು ನೋಡುವುದು ಬೇಡ, ಅಲ್ಲಿ ಮಲಗಿರುವವರನ್ನು ನೋಡಲಿ. ತುಟಿ ಒಣಗಿ ಬಿರಿದಿದೆಯಾ, ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿದೆಯಾ, ಉಗುರು ಕತ್ತರಿಸಿದ್ದಾರಾ, ಹಿಮ್ಮಡಿ ಹಾಸಿಗೆಗೆ ಒತ್ತದ ಹಾಗೆ ಕಾಲಡಿ ದಿಂಬು ಇಟ್ಟಿದ್ದಾರಾ. ನಾನು ಯಾವ ವಾರ್ಡಿಗೆ ಹೋದರೂ ಮೊದಲು ಬಾಯಿ ನೋಡ್ತೀನಿ. ತಾನೇ ನೀರು ಕೇಳಲಾರದವರ ಬಾಯಿ ಒದ್ದೆಯಾಗಿದ್ದರೆ, ಯಾರೋ ಗಂಟೆಗೊಮ್ಮೆಯಾದರೂ ಹತ್ತಿರ ಬಂದು ಹೋಗ್ತಿದ್ದಾರೆ ಅಂತ ಅರ್ಥ.

ಉಚಿತ ಅಂದ ಮಾತ್ರಕ್ಕೆ ಹಿಂಜರಿಯಬೇಡಿ. ನಮ್ಮ ದೇಶದಲ್ಲಿ ಹಾಸ್ಪಿಸ್‌ಗಳು ಬೆಳೆದಿದ್ದೇ ದತ್ತಿಯಿಂದ. 1986ರಲ್ಲಿ ಮುಂಬೈಯಲ್ಲಿ ಶುರುವಾದ ಶಾಂತಿ ಅವೇದನಾ ಸದನವೂ ಹಾಗೇ, 1999ರಿಂದ ಒಳರೋಗಿಗಳನ್ನು ನೋಡಿಕೊಳ್ಳುತ್ತಿರುವ ಬೆಂಗಳೂರಿನ ಕರುಣಾಶ್ರಯವೂ ಹಾಗೇ.

ಪ್ರಶ್ನೆ (ಅದೇ ಸದಸ್ಯೆ): ತುಂಬಾ ಉಪಕಾರ. ಆದರೆ ಮಾರ್ಫಿನ್ ಅಂದ ಕೂಡಲೇ ನಮ್ಮ ದೊಡ್ಡಪ್ಪ ಬೇಡವೇ ಬೇಡ ಅಂತಿದ್ದಾರೆ. ಅದು ಕೊಟ್ಟರೆ ಜೀವ ಬೇಗ ಹೋಗುತ್ತೆ, ಚಟ ಬೇರೆ ಹಿಡಿಯುತ್ತೆ ಅಂತ.

ಉತ್ತರ (ನರ್ಸ್): ದೊಡ್ಡಪ್ಪನ ಮೇಲೆ ಬೇಸರ ಮಾಡ್ಕೋಬೇಡಿ, ಈ ಭಯ ಪ್ರತಿ ಮನೆಯಲ್ಲೂ ಇದೆ. ಕೊನೆಯ ದಿನಗಳಲ್ಲಿ ಮಾತ್ರ ಮಾರ್ಫಿನ್ ಶುರು ಮಾಡುವುದರಿಂದ, ಶುರು ಮಾಡಿದ್ದಕ್ಕೇ ಹೋದರು ಅಂತ ಜನಕ್ಕೆ ಕಾಣುತ್ತೆ. ಕಡಿಮೆ ಡೋಸಿನಿಂದ ಆರಂಭಿಸಿ ನೋವಿಗೆ ತಕ್ಕ ಹಾಗೆ ಏರಿಸಿದರೆ ಅದು ಆಯಸ್ಸು ಕಡಿಮೆ ಮಾಡಲ್ಲ. ನೋವು ತಗ್ಗಿದಾಗ ನಿದ್ದೆ ಬರುತ್ತೆ, ಎರಡು ತುತ್ತು ಊಟ ಸೇರುತ್ತೆ, ಮಾತಾಡುವ ಮನಸ್ಸಾಗುತ್ತೆ. ಚಟದ ಮಾತಿಗೆ ಬಂದರೆ, ದೇಹ ಔಷಧಿಗೆ ಒಗ್ಗಿಕೊಳ್ಳುವುದು ನಿಜ. ಅದಕ್ಕೇ ಒಮ್ಮೆಲೇ ನಿಲ್ಲಿಸಬಾರದು, ನಿಲ್ಲಿಸುವುದಾದರೆ ಇಳಿಸುತ್ತಾ ಬರಬೇಕು. ಅದು ಚಟ ಅಲ್ಲ. ದೊಡ್ಡಪ್ಪನನ್ನೂ ಕರೆದುಕೊಂಡು ಹೋಗಿ, ಈ ಮಾತನ್ನು ಅಲ್ಲಿನ ಡಾಕ್ಟರ ಹತ್ತಿರ ಅವರೇ ಕೇಳಲಿ. ಡಾಕ್ಟರ್ ಕೂತು ಸಮಾಧಾನವಾಗಿ ವಿವರಿಸಿದರೋ, ರೇಗಿ ಕಳಿಸಿದರೋ ಅಂತ ಗಮನಿಸಿ. ಇಡೀ ಮನೆಯವರ ಹತ್ತಿರ ಮಾತಾಡುವುದೂ ಅವರ ಕೆಲಸವೇ.

ಪ್ರತಿಕ್ರಿಯೆ (ತುಮಕೂರಿನ ಸದಸ್ಯರು): ನಮ್ಮ ಅತ್ತೆಯವರನ್ನು ಕಳೆದ ವರ್ಷ ಒಂದು ಕಡೆ ಇಟ್ಟಿದ್ದೆವು, ಹೆಸರು ಹೇಳಲ್ಲ. ಬೆನ್ನ ಕೆಳಗೆ ಬೆಡ್‌ಸೋರ್ ಆಗಿ ಅಂಗೈಯಗಲ ಆಯ್ತು. ಕೇಳಿದರೆ "ವಯಸ್ಸಾದವರಿಗೆ ಆಗೋದೇ" ಅಂದರು. ಕೊನೆಗೆ ಊಟವನ್ನೂ ನಿಲ್ಲಿಸಿದರು, ಡ್ರಿಪ್ ಕೂಡ ಹಾಕಲಿಲ್ಲ. ಉಪವಾಸ ಕೆಡವಿ ಕಳಿಸಿದ ಹಾಗಾಯ್ತು ಅನ್ನೋ ಸಂಕಟ ನನ್ನ ಹೆಂಡತಿಗೆ ಇವತ್ತಿಗೂ ಹೋಗಿಲ್ಲ.

ಉತ್ತರ (ನರ್ಸ್): ಓದಿ ತುಂಬಾ ಸಂಕಟವಾಯ್ತು. ಎರಡನ್ನೂ ಬೇರೆ ಬೇರೆಯಾಗಿ ಹೇಳ್ತೀನಿ.

ಬೆಡ್‌ಸೋರ್ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಕೊನೆಯ ಒಂದೆರಡು ದಿನಗಳಲ್ಲಿ ರಕ್ತಸಂಚಾರವೇ ಕುಗ್ಗಿ, ಎಷ್ಟು ನೋಡಿಕೊಂಡರೂ ಚರ್ಮ ಒಡೆಯುವುದುಂಟು. ಆದರೆ ಅಂಗೈಯಗಲದ ಹುಣ್ಣು ಒಂದು ರಾತ್ರಿಯಲ್ಲಿ ಆಗಲ್ಲ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬದಲಿಸಿದ ಸಮಯವನ್ನು ಚಾರ್ಟಿನಲ್ಲಿ ಬರೆದು ಸಹಿ ಹಾಕಬೇಕು. ಹಾಸ್ಪಿಸ್ ನೋಡಲು ಹೋಗುವವರು ಆ ಚಾರ್ಟು ತೋರಿಸಿ ಅಂತ ಕೇಳಬಹುದು. ಬೇರೆ ರೋಗಿಯ ಹೆಸರಿರುವ ಹಾಳೆ ತೋರಿಸದಿರುವುದು ಸರಿಯೇ, ಆದರೆ ಹೇಗೆ ಬರೀತಾರೆ ಅಂತಲಾದರೂ ಹೇಳಬೇಕು. ದಿನವಿಡೀ ಒಂದೇ ಪೆನ್ನು, ಒಂದೇ ಕೈಬರಹದಲ್ಲಿ ಎರಡೆರಡು ಗಂಟೆಗೆ ಸಾಲಾಗಿ ತುಂಬಿದ್ದರೆ ಅದು ಸಂಜೆ ಕೂತು ಬರೆದದ್ದು.

ಊಟದ ವಿಷಯದಲ್ಲಿ ನಿಮ್ಮ ಪತ್ನಿಗೆ ಇದನ್ನು ದಯವಿಟ್ಟು ಹೇಳಿ. ಸಾವು ಹತ್ತಿರವಾದಾಗ ದೇಹಕ್ಕೇ ಅನ್ನ, ನೀರು ಬೇಡವಾಗುತ್ತೆ. ಊಟ ನಿಂತದ್ದರಿಂದ ಸಾವು ಬರುವುದಲ್ಲ, ಸಾವು ಬರುತ್ತಿರುವುದರಿಂದ ಊಟ ನಿಲ್ಲುತ್ತೆ. ಆ ಸ್ಥಿತಿಯಲ್ಲಿ ಬಲವಂತವಾಗಿ ತಿನ್ನಿಸಿದರೆ ಶ್ವಾಸನಾಳಕ್ಕೆ ಹೋಗುತ್ತೆ. ಡ್ರಿಪ್ ಹಾಕಿದರೆ ಆ ನೀರನ್ನು ಹೊರಹಾಕುವ ಶಕ್ತಿ ದೇಹಕ್ಕಿರಲ್ಲ, ಕೈಕಾಲು ಊದಬಹುದು, ಎದೆಯಲ್ಲಿ ಕಫ ಗೊರಗುಟ್ಟುವುದು ಹೆಚ್ಚಬಹುದು. ಹಾಗಾಗಿ ಡ್ರಿಪ್ ಹಾಕದಿದ್ದದ್ದು ಬಹುಶಃ ಸರಿಯಾದ ನಿರ್ಧಾರವೇ. ಅದನ್ನು ಮುಂಚೆಯೇ ಕೂತು ನಿಮಗೆ ತಿಳಿಸಿ ಹೇಳದಿದ್ದದ್ದು ಅವರ ತಪ್ಪು. ಒಳ್ಳೆಯ ಕಡೆ ಇಂಥ ಹೊತ್ತಲ್ಲಿ ಮಗಳ ಕೈಗೇ ಒದ್ದೆ ಹತ್ತಿ ಕೊಟ್ಟು ತುಟಿ ಒರೆಸುವುದನ್ನು ತೋರಿಸಿಕೊಡ್ತಾರೆ. ಎಚ್ಚರವಿದ್ದು ನುಂಗುವಂತಿದ್ದರೆ, ಮಗ್ಗುಲಾಗಿ ಮಲಗಿಸಿ ತುಳಸಿ ನೀರು ನಾಲ್ಕು ಹನಿ ಹಾಕುವುದನ್ನೂ ಬೇಡ ಅನ್ನಲ್ಲ.

ಪ್ರಶ್ನೆ (ಹೆಸರು ಬೇಡವೆಂದ ಸದಸ್ಯರು): ಚಿಕ್ಕಪ್ಪನಿಗೆ ದವಡೆ ಕ್ಯಾನ್ಸರ್, ಗಾಯ ಹೊರಗೆ ಒಡೆದಿದೆ. ವಾಸನೆಗೆ ಮನೆಯ ಮಕ್ಕಳು ಕೋಣೆಗೇ ಹೋಗ್ತಿಲ್ಲ. ಎರಡು ಕಡೆ "ಇಂಥ ಕೇಸ್ ತಗೊಳ್ಳಲ್ಲ" ಅಂದರು. ಇಂಥವರನ್ನು ಯಾರು ನೋಡ್ಕೋತಾರೆ?

ಉತ್ತರ (ನರ್ಸ್): ಇಂಥವರನ್ನು ತಗೊಳ್ಳದಿದ್ದರೆ ಅದಕ್ಕೆ ಹಾಸ್ಪಿಸ್ ಅನ್ನೋ ಬೋರ್ಡು ಯಾಕೆ? ತಂಬಾಕಿನಿಂದ ಬಾಯಿ ಕ್ಯಾನ್ಸರ್ ಇಷ್ಟೊಂದು ಇರುವ ನಮ್ಮ ರಾಜ್ಯದಲ್ಲಿ ಇದು ಅಪರೂಪದ ಕೇಸೂ ಅಲ್ಲ. ವಾಸನೆ ಬರುವುದು ಸತ್ತ ಅಂಗಾಂಶದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ. ಗಾಯವನ್ನು ಸಲೈನಿನಲ್ಲಿ ತೊಳೆದು, ಡಾಕ್ಟರ್ ಹೇಳಿದ ಹಾಗೆ ಮೆಟ್ರೊನಿಡಜೋಲ್ ಜೆಲ್ ಅಥವಾ ಮಾತ್ರೆ ಪುಡಿ ಮಾಡಿ ಹಾಕಿದರೆ ಕೆಲವೇ ದಿನಗಳಲ್ಲಿ ವಾಸನೆ ತಗ್ಗುತ್ತೆ. ಬೆಲೆಯೂ ಕಡಿಮೆ. ಹಾಸನದ ಕಡೆಯ ಒಬ್ಬ ಅಜ್ಜ ಹೀಗೇ ಬಂದಿದ್ದರು, ಮುಖಕ್ಕೆ ಟವೆಲ್ ಸುತ್ತಿಕೊಂಡು ಗೋಡೆ ಕಡೆ ತಿರುಗಿಯೇ ಮಲಗ್ತಿದ್ದರು. ವಾಸನೆ ತಗ್ಗಿದ ಮೇಲೆ ಮೊಮ್ಮಗಳು ಹಾಸಿಗೆ ಮೇಲೇ ಕೂತು ಹೋಂವರ್ಕ್ ಬರೆಯೋಳು, ಅಜ್ಜ ಈ ಕಡೆ ತಿರುಗಿ ಮಲಗೋಕೆ ಶುರು ಮಾಡಿದರು.

ಕೇಳಬೇಕಾದ ಇನ್ನೊಂದು ಮಾತಿದೆ. ಕತ್ತಿನ ಹತ್ತಿರದ ಗಾಯದಿಂದ ಒಮ್ಮೆಲೇ ರಕ್ತ ಹರಿಯುವ ಸಾಧ್ಯತೆ ಇರುತ್ತೆ. "ಹಾಗಾದರೆ ನಿಮ್ಮ ಸಿದ್ಧತೆ ಏನು?" ಅಂತ ಕೇಳಿ. ರಕ್ತ ಎದ್ದು ಕಾಣದಂತೆ ಗಾಢ ಬಣ್ಣದ ಟವೆಲ್ ಹಾಸಿಗೆ ಪಕ್ಕದಲ್ಲೇ ಇಟ್ಟಿರ್ತೀವಿ, ಮಂಪರು ಬರಿಸುವ ಇಂಜೆಕ್ಷನ್ ಬರೆದಿಟ್ಟಿರ್ತೀವಿ, ಒಬ್ಬರು ಕೈ ಹಿಡಿದು ಜೊತೆಗೇ ಇರ್ತೀವಿ ಅಂತ ಹೇಳುವವರು ಈ ಕೆಲಸ ಬಲ್ಲವರು.

ಪ್ರಶ್ನೆ (ಮೈಸೂರಿನ ಸದಸ್ಯರು): ತಂದೆಗೆ ಹಾರ್ಟ್ ಫೇಲ್ಯೂರ್, ಕ್ಯಾನ್ಸರ್ ಅಲ್ಲ. ಮನೆಯಲ್ಲೇ ಇರ್ತೀನಿ ಅಂತಾರೆ. ಮನೆಗೆ ಬರುವ ಸೇವೆಯನ್ನು ಹೇಗೆ ಅಳೆಯೋದು?

ಉತ್ತರ (ನರ್ಸ್): ಬರುವವರು ಯಾರು ಅನ್ನೋದು ಮೊದಲು. ಕೆಲವು ಏಜೆನ್ಸಿಗಳು ಅಟೆಂಡರನ್ನು ಕಳಿಸಿ ನರ್ಸ್ ಅನ್ನುತ್ತವೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಆಗಿದೆಯಾ, ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಇದೆಯಾ ಕೇಳಿ. ಅಟೆಂಡರ್ ಬೇಡ ಅಂತಲ್ಲ, ಸ್ನಾನ, ಊಟಕ್ಕೆ ಅವರೇ ಬೇಕು. ಔಷಧಿಯ ತೀರ್ಮಾನ ಮಾತ್ರ ಅವರದಾಗಬಾರದು. ಉಸಿರು ಸಿಕ್ಕಿಹಾಕಿಕೊಂಡಾಗ ಏನು ಮಾಡಬೇಕು, ಯಾವ ಮಾತ್ರೆ, ಯಾರಿಗೆ ಫೋನ್ ಅನ್ನುವುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡ್ತಾರಾ ನೋಡಿ. ಎದೆಯಲ್ಲಿ ಶಾಕ್ ಕೊಡುವ ಉಪಕರಣ ಅಳವಡಿಸಿದ್ದರೆ, ಕೊನೆಯ ಹೊತ್ತಲ್ಲಿ ಅದನ್ನು ಆಫ್ ಮಾಡಿಸುವ ಬಗ್ಗೆ ಅವರಾಗಿಯೇ ಮಾತೆತ್ತಬೇಕು.

ಯಾರೂ ಕೇಳದ ಪ್ರಶ್ನೆ ಇನ್ನೊಂದು: ಮನೆಯಲ್ಲಿ ಸಾವಾದರೆ ಸರ್ಟಿಫಿಕೇಟ್ ಯಾರು ಕೊಡ್ತಾರೆ? ಆಸ್ಪತ್ರೆಯ ಹೊರಗಿನ ಸಾವಿಗೆ, ನೋಡಿಕೊಳ್ಳುತ್ತಿದ್ದ ಡಾಕ್ಟರ್ ಫಾರಂ 4ಎ, ಅಂದರೆ ಸಾವಿನ ಕಾರಣದ ಪತ್ರ ಬರೆದುಕೊಡಬೇಕು. ನಡುರಾತ್ರಿ ಡಾಕ್ಟರನ್ನು ಹುಡುಕಿಕೊಂಡು ಬೀದಿ ಅಲೆಯುವ ಮಕ್ಕಳನ್ನು ನೋಡಿದ್ದೇನೆ. ಈ ಜವಾಬ್ದಾರಿ ನಮ್ಮದು ಅಂತ ಮೊದಲೇ ಹೇಳುವ ಸೇವೆಯನ್ನು ಆರಿಸಿ.

ತಂದೆಯವರಿಗೆ ವೆಂಟಿಲೇಟರ್ ಬೇಡ ಎಂಬ ಮನಸ್ಸಿದ್ದರೆ, ಈಗಲೇ ಬರೆಸಿಡಿ. 2018ರ ಸುಪ್ರೀಂ ಕೋರ್ಟ್ ತೀರ್ಪು ಇದಕ್ಕೆ ದಾರಿ ಮಾಡಿತು. 2023ರಲ್ಲಿ ಅದು ಸುಲಭವಾಯ್ತು, ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ.

ಪ್ರತಿಕ್ರಿಯೆ (ನ್ಯೂಜೆರ್ಸಿಯ ಸದಸ್ಯೆ, ಹಾಸ್ಪಿಸ್ ಸಮಾಜ ಕಾರ್ಯಕರ್ತೆ): ಇಲ್ಲಿ ಅಪ್ಪ ಅಮ್ಮ ಜೊತೆಗಿರುವ ಕನ್ನಡಿಗರಿಗೆ ಒಂದು ಮಾತು. ಮೆಡಿಕೇರ್‌ನ (ಇಲ್ಲಿ ಹಿರಿಯರಿಗೆ ಸರ್ಕಾರ ನಡೆಸುವ ಆರೋಗ್ಯ ವಿಮೆ) ಕೇರ್ ಕಂಪೇರ್ ಜಾಲತಾಣದಲ್ಲಿ ಪ್ರತಿ ಹಾಸ್ಪಿಸ್‌ನ ವಿವರ ಇದೆ. ರೇಟಿಂಗಿನ ನಕ್ಷತ್ರ ಎಣಿಸುವ ಮುಂಚೆ, ಕೊನೆಯ ಮೂರು ದಿನಗಳಲ್ಲಿ ನರ್ಸ್ ಅಥವಾ ಸಮಾಜ ಕಾರ್ಯಕರ್ತರು ಖುದ್ದಾಗಿ ಮನೆಗೆ ಬಂದ ಪ್ರಮಾಣ ಎಷ್ಟು ಅನ್ನುವ ಅಂಕಿ ನೋಡಿ. ಕಂಪನಿಗಳ ಬಣ್ಣ ಬಯಲಾಗುವುದು ಅಲ್ಲೇ. ನೋಡಿಕೊಳ್ಳುವವರು ಬಳಲಿದರೆ ರೋಗಿಯನ್ನು ಒಮ್ಮೆಗೆ 5 ದಿನಗಳವರೆಗೆ ಒಳರೋಗಿಯಾಗಿ ಇಡುವ ಸೌಲಭ್ಯವೂ ಇದೆ, ಕೇಳದೆ ಯಾರೂ ಹೇಳಲ್ಲ.

ಪ್ರತಿಕ್ರಿಯೆ (ದಾವಣಗೆರೆಯ ಸದಸ್ಯೆ): ಎರಡೂ ಕಡೆ ಫೋನ್ ಮಾಡಿದೆ. ಖಾಸಗಿಯವರು ಮಾರ್ಫಿನ್ ನೀವೇ ತನ್ನಿ ಅಂದರು, ರಾತ್ರಿ ಡಾಕ್ಟರ್ ಫೋನಿನಲ್ಲಿ ಸಿಗ್ತಾರಂತೆ. ಅಮ್ಮ ಮೂರೇ ದಿನ ಇದ್ದರೂ ಮುಂಗಡ ವಾಪಸ್ ಇಲ್ಲ. ಟ್ರಸ್ಟಿನ ಕಡೆ ಫೋನ್ ಎತ್ತಿದ ನರ್ಸ್ ಅಮ್ಮನ ಈಗಿನ ಡೋಸ್ ಎಷ್ಟು, ಮೋಷನ್ ಆಗಿ ಎಷ್ಟು ದಿನ ಆಯ್ತು ಅಂತ ನನ್ನನ್ನೇ ಕೇಳಿದರು! ಗುರುವಾರ ಬೆಡ್ ಸಿಗುತ್ತೆ. ದಾರಿಯಲ್ಲಿ ಏನು ಎಚ್ಚರ ವಹಿಸಬೇಕು?

ಉತ್ತರ (ನರ್ಸ್): ನಿಮ್ಮನ್ನೇ ತಿರುಗಿ ಆ ಪ್ರಶ್ನೆ ಕೇಳಿದರಲ್ಲ, ಧೈರ್ಯವಾಗಿ ಕರೆದುಕೊಂಡು ಹೋಗಿ. ಈಗ ಮಾರ್ಫಿನ್ ನಡೀತಿದ್ದರೆ, ಗಾಡಿ ಹತ್ತಿಸುವ ಅರ್ಧದಿಂದ ಒಂದು ಗಂಟೆ ಮುಂಚೆ ಡೋಸ್ ಬೀಳುವ ಹಾಗೆ ಹೊರಡುವ ಸಮಯ ಇಟ್ಟುಕೊಳ್ಳಿ. ಬೆಂಗಳೂರು ಸುಮಾರು 260 ಕಿಲೋಮೀಟರ್, ಅಂದರೆ ಮುಂದಿನ ಡೋಸ್ ದಾರಿಯಲ್ಲೇ ಬರುತ್ತೆ. ಮಾತ್ರೆ ಡಿಕ್ಕಿಯ ಬ್ಯಾಗಿನಲ್ಲಿ ಬೇಡ, ನಿಮ್ಮ ಕೈಯಲ್ಲಿರಲಿ, ಪ್ರಿಸ್ಕ್ರಿಪ್ಷನ್ ಜೊತೆಗೇ. ಹೆಚ್ಚುವರಿ ಡೋಸ್ ಎಷ್ಟು ಕೊಡಬಹುದು ಅಂತ ಡಾಕ್ಟರಿಂದ ಬರೆಸಿಕೊಳ್ಳಿ. ಮೂಳೆಗೆ ಹರಡಿರುವುದರಿಂದ ಎತ್ತುವಾಗ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ, ಮಡಿಸಿದ ಬೆಡ್‌ಶೀಟ್ ಕೆಳಗೆ ಹಾಕಿ ನಾಲ್ಕು ಜನ ಒಟ್ಟಿಗೆ ಎತ್ತಿ. ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ವರದಿ, ಕೊನೆಯ ಸ್ಕ್ಯಾನ್ ಜೊತೆಗಿರಲಿ. ಅಮ್ಮನ ಸ್ವಂತ ದಿಂಬು, ಹೊದಿಕೆಯನ್ನೂ ತಗೊಂಡು ಹೋಗಿ. ಹೊರಡುವ ಮುಂಚೆ ಆ ನರ್ಸಿಗೆ ಇನ್ನೊಮ್ಮೆ ಫೋನ್ ಮಾಡಿ ಎಷ್ಟು ಹೊತ್ತಿಗೆ ತಲುಪ್ತೀರಿ ಹೇಳಿ, ಹಾಸಿಗೆ ಮೇಲೆ ಏರ್ ಬೆಡ್ ಹಾಕಿಟ್ಟಿರ್ತಾರೆ.