‘ಡಿಎಲ್‌ಎಲ್ ಫೈಲ್ ಸಿಗುತ್ತಿಲ್ಲ’ ಎಂದು ಬಂದರೆ ಏನು ಮಾಡಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ: ತಂಗಿಯ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ 10 ಹೊಸದಾಗಿ ಹಾಕಿಸಿದೆವು. ಈಗ ಅವಳ ಕಾಲೇಜಿನ ಡ್ರಾಯಿಂಗ್ ಸಾಫ್ಟ್‌ವೇರ್ ತೆರೆದರೆ ಎಂಎಸ್‌ವಿಸಿಪಿ140.ಡಿಎಲ್‌ಎಲ್ ಸಿಗಲಿಲ್ಲ, ಪ್ರೋಗ್ರಾಂ ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿ ಎಂಬ ಡಬ್ಬಿ ಬರುತ್ತದೆ. ಹಾಗೆ ಮಾಡಿದರೂ ಅದೇ ಕತೆ. ಗೂಗಲ್‌ನಲ್ಲಿ ಹುಡುಕಿದರೆ ಈ ಒಂದು ಫೈಲನ್ನು ಮಾತ್ರ ಫ್ರೀಯಾಗಿ ಕೊಡುವ ಸೈಟುಗಳು ಸಾಲಾಗಿ ಕಾಣಿಸುತ್ತವೆ. ಅಲ್ಲಿಂದ ಇಳಿಸಿಕೊಳ್ಳಬಹುದಾ? ಫಾರ್ಮ್ಯಾಟ್‌ಗೆ ಮುಂಚೆ ಎಲ್ಲಾ ಚೆನ್ನಾಗಿಯೇ ಓಡುತ್ತಿತ್ತು.

ಉತ್ತರ 1: ದಯವಿಟ್ಟು ಆ ಸೈಟುಗಳಿಂದ ಇಳಿಸಿಕೊಳ್ಳಬೇಡಿ. ನಾನು ಕಂಪ್ಯೂಟರ್ ರಿಪೇರಿ ಮಾಡುವವನು. ಹೀಗೆ ಸುಮ್ನೆ ಒಂದು ಫೈಲ್ ತಂದು ಹಾಕಿಕೊಂಡು, ಆಮೇಲೆ ವೈರಸ್ ತೆಗೆಸಲು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಆ ಫೈಲ್ ಯಾರು ಮಾಡಿದ್ದು, ಯಾವ ಆವೃತ್ತಿ, ಒಳಗೆ ಇನ್ನೇನು ಸೇರಿಸಿದ್ದಾರೆ, ಯಾವುದೂ ಗೊತ್ತಾಗುವುದಿಲ್ಲ. ಫೈಲ್ ಒಳ್ಳೆಯದೇ ಆಗಿದ್ದರೂ ಅದರ ಜೊತೆಗೆ ಬರಬೇಕಾದ ಉಳಿದ ಫೈಲುಗಳು ಬಂದಿರುವುದಿಲ್ಲ. ಒಂದು ಡಬ್ಬಿ ಮುಚ್ಚಿದರೆ ವಿಸಿರನ್‌ಟೈಮ್140 ಇಲ್ಲ ಎಂದು ಇನ್ನೊಂದು ಡಬ್ಬಿ ಬರುತ್ತದೆ.

ಡಿಎಲ್‌ಎಲ್ ಎಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್. ಪ್ರತಿಯೊಂದು ಸಾಫ್ಟ್‌ವೇರೂ ಅದನ್ನು ತನ್ನೊಳಗೆ ತುಂಬಿಕೊಳ್ಳುವ ಬದಲು, ಒಂದೇ ಕಡೆ ಇಟ್ಟು ಎಲ್ಲವೂ ಅಲ್ಲಿಂದಲೇ ಕರೆಯುತ್ತವೆ. ಪ್ರೋಗ್ರಾಂ ಶುರುವಾದಾಗ ವಿಂಡೋಸ್ ಆ ಫೈಲನ್ನು ಸಾಮಾನ್ಯವಾಗಿ ಮೊದಲು ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿ ಹುಡುಕುತ್ತದೆ, ಆಮೇಲೆ ಸಿಸ್ಟಂ ಫೋಲ್ಡರುಗಳಲ್ಲಿ. ಎಲ್ಲೂ ಸಿಗದಿದ್ದರೆ ಈ ಡಬ್ಬಿ. ಫಾರ್ಮ್ಯಾಟ್‌ಗೆ ಮುಂಚೆ ಬೇರೆ ಯಾವುದೋ ಸಾಫ್ಟ್‌ವೇರ್ ಅದನ್ನು ತಂದಿಟ್ಟಿರಬೇಕು. ಈಗ ಅದೂ ಹೋಗಿದೆ, ಜೊತೆಗೆ ಫೈಲೂ ಹೋಗಿದೆ.

ಹಾಗಾಗಿ ಹುಡುಕಬೇಕಾದದ್ದು ಫೈಲನ್ನಲ್ಲ, ಅದು ಯಾವ ಪ್ಯಾಕೇಜಿನದು ಎಂಬುದನ್ನು. ಹೆಸರಿನಲ್ಲಿರುವ ನಂಬರ್ ನೋಡಿ. 100 ಇದ್ದರೆ ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ (ಪ್ರೋಗ್ರಾಂ ಬರೆಯಲು ಬಳಸುವ ಟೂಲ್) 2010, 110 ಇದ್ದರೆ 2012, 120 ಇದ್ದರೆ 2013. 140 ಎಂದರೆ 2015 ಮತ್ತು ಆಮೇಲಿನವು. 2015, 2017, 2019, 2022 ಈ ನಾಲ್ಕಕ್ಕೂ ಒಂದೇ ಪ್ಯಾಕೇಜ್. ಮೈಕ್ರೋಸಾಫ್ಟ್‌ನ ಸ್ವಂತ ಸೈಟಿನಲ್ಲಿ ‘ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್’ ಎಂದು ಹುಡುಕಿದರೆ ಉಚಿತವಾಗಿಯೇ ಸಿಗುತ್ತದೆ. ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ. ಒಂದು ವಿಷಯ ನೆನಪಿರಲಿ: 2022 ಇದೆಯಲ್ಲ ಎಂದು 2013 ಕೇಳುವ ಪ್ರೋಗ್ರಾಂ ಸುಮ್ಮನಾಗುವುದಿಲ್ಲ. ಹಳೆಯದನ್ನು ಬೇರೆಯಾಗಿಯೇ ಹಾಕಬೇಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇಂಥವು ಏಳೆಂಟು ಸಾಲಾಗಿ ಕಂಡರೆ ‘ಇಷ್ಟೊಂದು ಯಾಕೆ’ ಎಂದು ಅಳಿಸಬೇಡಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. 64 ಬಿಟ್ ಲ್ಯಾಪ್‌ಟಾಪ್ ಎಂದು ಎಕ್ಸ್64 ಪ್ಯಾಕೇಜ್ ಹಾಕಿದೆ. ಸರಿಯಾಗಿ ಇನ್‌ಸ್ಟಾಲ್ ಆಯಿತು. ಆದರೆ ಡಬ್ಬಿ ಮಾತ್ರ ಹೋಗಿಲ್ಲ.

ಉತ್ತರ 1: ಹಾಗಾದರೆ ಆ ಡ್ರಾಯಿಂಗ್ ಸಾಫ್ಟ್‌ವೇರ್ 32 ಬಿಟ್‌ನದು ಇರಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ವಿಂಡೋಸ್ ಎಷ್ಟು ಬಿಟ್ ಎಂಬುದಲ್ಲ, ಪ್ರೋಗ್ರಾಂ ಎಷ್ಟು ಬಿಟ್ ಎಂಬುದು. 32 ಬಿಟ್ ಪ್ರೋಗ್ರಾಂಗೆ 32 ಬಿಟ್ ಡಿಎಲ್‌ಎಲ್ಲೇ ಬೇಕು. 32 ಬಿಟ್‌ಗೆಂದೇ ಇರುವ ಎಕ್ಸ್86 ಪ್ಯಾಕೇಜನ್ನೂ ಹಾಕಿ. ಎರಡೂ ಜೊತೆಗಿದ್ದರೆ ಏನೂ ತೊಂದರೆ ಇಲ್ಲ, ನಾನಂತೂ ಯಾವ ಮಷೀನಿಗೂ ಎರಡನ್ನೂ ಹಾಕಿಯೇ ಕೊಡುತ್ತೇನೆ.

ಕೈಯಿಂದ ಫೈಲ್ ಕಾಪಿ ಮಾಡುವವರು ಎಡವುವುದೂ ಇಲ್ಲೇ. 64 ಬಿಟ್ ವಿಂಡೋಸ್‌ನಲ್ಲಿ ‘ಸಿಸ್ಟಂ32’ ಫೋಲ್ಡರಿನಲ್ಲಿ ಇರುವುದು 64 ಬಿಟ್ ಫೈಲುಗಳು. 32 ಬಿಟ್‌ನವು ‘ಸಿಸ್‌ವಾವ್64’ ಎಂಬ ಫೋಲ್ಡರಿನಲ್ಲಿ ಇರುತ್ತವೆ. ಹೆಸರು ನೋಡಿದರೆ ಉಲ್ಟಾ ಅನ್ನಿಸುತ್ತದೆ ಅಲ್ವಾ? ಹಳೆಯ ಪ್ರೋಗ್ರಾಂಗಳು ಕೆಡಬಾರದು ಎಂದು ಹಾಗೆ ಉಳಿಸಿಕೊಂಡಿದ್ದಾರೆ. ಅದಲುಬದಲು ಹಾಕಿದರೆ ಫೈಲ್ ಇಲ್ಲ ಎಂಬ ಡಬ್ಬಿ ಹೋಗಿ 0ಎಕ್ಸ್‌ಸಿ000007ಬಿ ಎಂಬ ಎರರ್ ಬರಬಹುದು.

ಪ್ರಶ್ನೆ ಕೇಳಿದವರು: ಎಕ್ಸ್86 ಹಾಕಿದ ಮೇಲೆ ತೆರೆಯಿತು! ತಂಗಿ ಕೆಲಸ ಶುರು ಮಾಡಿದಳು. ಬೇರೆಯವರಿಗೂ ಉಪಯೋಗ ಆಗಲಿ, ನಿಮಗೆ ಬಂದಿದ್ದ ಬೇರೆ ಫೈಲುಗಳ ಬಗ್ಗೆಯೂ ಬರೆಯಿರಿ.

ಉತ್ತರ 2: ನನ್ನ ಮಗನಿಗೆ ಹಳೆಯ ಗೇಮ್ ಒಂದರಲ್ಲಿ ಡಿ3ಡಿಎಕ್ಸ್9_43.ಡಿಎಲ್‌ಎಲ್ ಇಲ್ಲ ಎಂದು ಬಂದಿತ್ತು. ವಿಂಡೋಸ್ 10ರಲ್ಲಿ ಗೇಮ್‌ಗಳ ಗ್ರಾಫಿಕ್ಸ್‌ಗೆ ಬೇಕಾದ ಡೈರೆಕ್ಟ್‌ಎಕ್ಸ್ 12 ಇದೆ, ಆದರೆ ಆ ಹಳೆಯ ಫೈಲುಗಳು ಅದರ ಜೊತೆ ಬರುವುದಿಲ್ಲ. ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್ ಜೂನ್ 2010ರ ರನ್‌ಟೈಮ್ ಹಾಕಿದೆವು, ಸರಿಹೋಯಿತು.

ಉತ್ತರ 3: ಆಂಟಿವೈರಸ್ ಕಡೆಗೂ ಒಂದು ಕಣ್ಣಿರಲಿ. ನಿನ್ನೆ ಓಡಿದ್ದು ಇವತ್ತು ಇದ್ದಕ್ಕಿದ್ದಂತೆ ನಿಂತರೆ, ವಿಂಡೋಸ್ ಸೆಕ್ಯುರಿಟಿಯ ಪ್ರೊಟೆಕ್ಷನ್ ಹಿಸ್ಟರಿ ತೆರೆದು ಆ ಫೈಲನ್ನು ತೆಗೆದಿಟ್ಟಿದೆಯಾ ಎಂದು ನೋಡಿ. ಸಾಫ್ಟ್‌ವೇರ್ ತಯಾರಿಸಿದವರಿಂದಲೇ ತಂದಿದ್ದಾದರೆ ಮಾತ್ರ ವಾಪಸ್ ತರಿಸಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಆಗಿದ್ದರೆ ಆಂಟಿವೈರಸ್ ಹೇಳಿದ್ದೇ ಸರಿ ಎಂದುಕೊಂಡು ಪೂರ್ತಿ ತೆಗೆದುಹಾಕಿ.

ಉತ್ತರ 4: ನಮ್ಮ ಆಫೀಸಿನಲ್ಲಿ ವಿಷುಯಲ್ ಬೇಸಿಕ್ 6 ಕಾಲದ ಒಂದು ಬಿಲ್ಲಿಂಗ್ ಪ್ರೋಗ್ರಾಂ ಇದೆ. ಹೊಸ ಕಂಪ್ಯೂಟರ್ ಬಂದಾಗ ಹುಡುಗರು ಅದರ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಎತ್ತಿಕೊಂಡು ಹೋಗಿ ಹಾಕಿದರು. ಎಂಎಸ್‌ಕಾಮ್‌ಸಿಟಿಎಲ್.ಒಸಿಎಕ್ಸ್ ರಿಜಿಸ್ಟರ್ ಆಗಿಲ್ಲ ಎಂದು ಬಂತು. ಇಂಥ ಫೈಲ್ ಬರೀ ಜಾಗದಲ್ಲಿ ಇದ್ದರೆ ಸಾಲದು, ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ) ಅದರ ಹೆಸರೂ ದಾಖಲಾಗಿರಬೇಕು. ಮೂಲ ಸೆಟಪ್ ಇದ್ದರೆ ರೈಟ್ ಕ್ಲಿಕ್ ಮಾಡಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ಓಡಿಸಿ, ಎಲ್ಲವನ್ನೂ ಅದೇ ಮಾಡಿಕೊಳ್ಳುತ್ತದೆ. ಸೆಟಪ್ ಕಳೆದುಹೋಗಿದ್ದರೆ ಹಳೆಯ ಕಂಪ್ಯೂಟರಿನಿಂದ ಫೈಲ್ ತಂದು ಸಿಸ್‌ವಾವ್64ರಲ್ಲಿ ಹಾಕಿ, ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ರೆಗ್‌ಎಸ್‌ವಿಆರ್32 ಕಮಾಂಡ್ ಬಳಸಿ ರಿಜಿಸ್ಟರ್ ಮಾಡಬೇಕು. ಎಷ್ಟೋ ವಿಡಿಯೋಗಳಲ್ಲಿ ಎಂಎಸ್‌ವಿಸಿಪಿ140ಕ್ಕೂ ಇದೇ ಮದ್ದು ಹೇಳುತ್ತಾರೆ. ಅದಕ್ಕೆ ರಿಜಿಸ್ಟರ್ ಆಗುವ ಬಗೆಯೇ ಇಲ್ಲ, ಕಮಾಂಡ್ ಕೊಟ್ಟರೆ ಇನ್ನೊಂದು ಎರರ್ ಬರುತ್ತದೆ ಅಷ್ಟೇ.

ಉತ್ತರ 1: ಎಸ್‌ಎಫ್‌ಸಿ /ಸ್ಕ್ಯಾನ್‌ನೌ ಕಮಾಂಡ್ ಬಗ್ಗೆಯೂ ಜನ ಕೇಳುತ್ತಿರುತ್ತಾರೆ. ಅದು ರಿಪೇರಿ ಮಾಡುವುದು ವಿಂಡೋಸ್‌ನ ಸ್ವಂತ ಫೈಲುಗಳನ್ನು ಮಾತ್ರ. ಒಂದು ಸಾಫ್ಟ್‌ವೇರ್ ಮಾತ್ರ ಓಡದಿದ್ದರೆ ಅದರಿಂದ ಜಾಸ್ತಿ ಪ್ರಯೋಜನ ಇಲ್ಲ. ವಿಂಡೋಸ್‌ನ ಪ್ರೋಗ್ರಾಂಗಳೇ ಕೈಕೊಡುತ್ತಿದ್ದರೆ ಮೊದಲು ಡಿಐಎಸ್‌ಎಂ (ವಿಂಡೋಸ್ ರಿಪೇರಿಯ ಇನ್ನೊಂದು ಕಮಾಂಡ್), ಆಮೇಲೆ ಎಸ್‌ಎಫ್‌ಸಿ ಓಡಿಸಿ.

ಉತ್ತರ 5: ಲಿನಕ್ಸ್‌ನವರಿಗೂ ಇದೇ ಕಾಟ ಇದೆ, ಫೈಲಿನ ಹೆಸರು ಮಾತ್ರ ಬೇರೆ. ಉಬುಂಟು ಎಂಬ ಲಿನಕ್ಸ್‌ನ 22.04 ಆವೃತ್ತಿಗೆ ಬಂದ ಮೇಲೆ ನನ್ನ ಒಂದು ಹಳೆಯ ಟೂಲ್ ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1 ಇಲ್ಲ ಎಂದು ನಿಂತಿತು. ಆ ಫೈಲ್ ಓಪನ್‌ಎಸ್‌ಎಸ್‌ಎಲ್ ಎಂಬ ಭದ್ರತಾ ಲೈಬ್ರರಿಯದು (ಲೈಬ್ರರಿ ಎಂದರೆ ಡಿಎಲ್‌ಎಲ್‌ನಂತೆ ಹಂಚಿಕೊಂಡು ಬಳಸುವ ಕೋಡ್). ಆ ಆವೃತ್ತಿಯಲ್ಲಿ ಓಪನ್‌ಎಸ್‌ಎಸ್‌ಎಲ್ 3 ಬಂದಿದೆ, 1.1 ಇಲ್ಲ. ಕೆಲವರು 3ರ ಫೈಲಿಗೆ 1.1 ಎಂದು ಹೆಸರು ಕೊಟ್ಟು ಲಿಂಕ್ ಮಾಡಿ ಎನ್ನುತ್ತಾರೆ. ಬೇಡವೇ ಬೇಡ. ಕೊನೆಯ ನಂಬರ್ ಬದಲಾಗಿದೆ ಎಂದರೆ ಒಳಗಿನ ಫಂಕ್ಷನ್‌ಗಳು ಹಳೆಯ ಪ್ರೋಗ್ರಾಂಗೆ ಹೊಂದುವುದಿಲ್ಲ ಎಂದೇ ಅರ್ಥ. 1.1.1ಕ್ಕೆ ಉಚಿತ ಭದ್ರತಾ ಅಪ್‌ಡೇಟ್‌ಗಳು 2023ರ ಸೆಪ್ಟೆಂಬರ್‌ನಲ್ಲೇ ನಿಂತವು, ಹಾಗಾಗಿ ಟೂಲ್‌ನ ಹೊಸ ಆವೃತ್ತಿ ಹಾಕಿಕೊಂಡೆ.

ಯಾವ ಯಾವ ಫೈಲ್ ಇಲ್ಲ ಎಂದು ಒಟ್ಟಿಗೇ ನೋಡಲು ಎಲ್‌ಡಿಡಿ ಕಮಾಂಡ್ ಇದೆ. ಸಿಗದಿರುವುದರ ಮುಂದೆ ‘ನಾಟ್ ಫೌಂಡ್’ ಎಂದು ತೋರಿಸುತ್ತದೆ. ಆದರೆ ನಂಬಿಕೆ ಇಲ್ಲದ ಪ್ರೋಗ್ರಾಂ ಮೇಲೆ ಅದನ್ನು ಓಡಿಸಬೇಡಿ, ಕೆಲವೊಮ್ಮೆ ಪ್ರೋಗ್ರಾಂನ ಕೋಡ್ ಕೂಡ ಓಡಿಬಿಡಬಹುದು. ಫೈಲ್ ಯಾವ ಪ್ಯಾಕೇಜಿನದು ಎಂದು ಎಪಿಟಿ-ಫೈಲ್ ಸರ್ಚ್ ಕಮಾಂಡ್ ಹೇಳುತ್ತದೆ. ನೀವೇ ಕಂಪೈಲ್ ಮಾಡಿದ ಲೈಬ್ರರಿ /ಯುಎಸ್‌ಆರ್/ಲೋಕಲ್/ಲಿಬ್‌ನಲ್ಲಿ ಇದ್ದೂ ಕಾಣದಿದ್ದರೆ ಸುಡೋ ಎಲ್‌ಡಿಕಾನ್‌ಫಿಗ್ ಓಡಿಸಿ. ಫೈಲ್ ಅಲ್ಲೇ ಇರುತ್ತದೆ, ಸಿಸ್ಟಂ ನೋಡುವ ಲೈಬ್ರರಿಗಳ ಪಟ್ಟಿಗೆ ಸೇರಿರುವುದಿಲ್ಲ ಅಷ್ಟೇ.