ಪುಟ್ಟಿಯ ತೈಪೆ, ಅತ್ತೆಯ ಫಾರ್ವರ್ಡು

ದಾವಣಗೆರೆ ಅತ್ತೆ: (ಫಾರ್ವರ್ಡ್) *ಚೈನೀಸ್ ಕಲಿಯಲು ಮಕ್ಕಳನ್ನು ಕಳಿಸುವ ಮುನ್ನ ಓದಿ!! ಪೇಪರ್ ಓದಲು 50,000 ಅಕ್ಷರ ಬಾಯಿಪಾಠ. ಸಸ್ಯಾಹಾರಿಗಳಿಗೆ ಬರೀ ಅನ್ನ, ನೀರು. ಎಲ್ಲ ಗ್ರೂಪಿಗೂ ಕಳಿಸಿ*

ದಾವಣಗೆರೆ ಅತ್ತೆ: ಪುಟ್ಟಿ, ಚೈನೀಸ್ ಕಲಿಯೋಕೆ ತೈವಾನಿನ ತೈಪೆಗೆ ಹೊರಟಿದ್ದೀಯ, ನೋಡ್ಕೊಳಮ್ಮ. ನಂಗೆ ರಾತ್ರಿಯಿಡೀ ನಿದ್ದೆ ಇಲ್ಲ

ವಕೀಲ ಭಾವ: 50,000 ಎಲ್ಲಿಂದ ಬಂತು? ಬರೆದವರು ಯಾರು?

ದೊಡ್ಡಪ್ಪ: ಯಾರು ಬರೆದರೇನು? ದೇಶ ಸುತ್ತು, ಕೋಶ ಓದು ಅಂದರು ಹಿರಿಯರು. ಆಚಾರ ಬಿಡು ಅನ್ನಲಿಲ್ಲ.

ಶಿಂಚು ಅಣ್ಣ (ಶಿಂಚು ತೈವಾನಿನ ಒಂದು ಊರು): ಭಾವ, 1716ರ ಚೀನಾದ ಕಾಂಗ್‌ಶಿ ನಿಘಂಟಲ್ಲಿ 47,000 ಚಿಲ್ಲರೆ ಅಕ್ಷರ ಇವೆ. ಬಹುಶಃ ಅದನ್ನೇ ಉಬ್ಬಿಸಿದ್ದಾರೆ. ತೈವಾನ್ ಸರ್ಕಾರದ ನಿತ್ಯಬಳಕೆಯ ಪಟ್ಟಿಯಲ್ಲಿರೋದು 4,808. ಮೊದಲ ಸಾವಿರ ಬಂದರೆ ಪೇಪರಿನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಗುರುತು ಸಿಗುತ್ತವೆ. ಆದರೆ ಪದಗಳು ಹೆಚ್ಚಾಗಿ ಎರಡಕ್ಷರದವು, ಬಿಡಿ ಅಕ್ಷರ ಗೊತ್ತಿದ್ದ ಮಾತ್ರಕ್ಕೆ ಅರ್ಥ ಆಗಲ್ಲ.

ವಕೀಲ ಭಾವ: ಅತ್ತೆ, ಓದದೆ ಕಳಿಸಬೇಡಿ ಅಂತ ಹೋದ ಸಲವೂ ಹೇಳಿದ್ದೆ

ದಾವಣಗೆರೆ ಅತ್ತೆ: ಗೃಹಪ್ರವೇಶದ ಕಾರ್ಡಲ್ಲಿ ನಮ್ಮ ಹೆಸರು ಬಿಟ್ಟೋರು ನೀವು. ಆಗ ನೀವು ಓದಿದ್ರಾ?

ಪುಟ್ಟಿ: ಅಣ್ಣ, ನಂಗೆ ಅಕ್ಷರಕ್ಕಿಂತ ಉಚ್ಚಾರಣೆ ಭಯ

ಶಿಂಚು ಅಣ್ಣ: ಕನ್ನಡದವರಿಗೆ ಅರ್ಧ ಕೆಲಸ ಆಗಿದೆ. ಚೈನೀಸನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದಾಗ ಬಿ ಅಂದರೆ ನಮ್ಮ ಪ, ಪಿ ಅಂದರೆ ಒತ್ತಿನ ಫ. ಡಿ–ಟಿ ಅಂದರೆ ತ–ಥ, ಜಿ–ಕೆ ಅಂದರೆ ಕ–ಖ. ತೈಪೆಯಲ್ಲಿ ಮೊದಲ ವಾರವೇ ಬೊಪೊಮೊಫೊ ಅನ್ನೋ 37 ಉಚ್ಚಾರಣೆಯ ಗುರುತು ಕಲಿಸ್ತಾರೆ. ತುಟಿಯವು ಒಂದು ಸಾಲು, ನಾಲಿಗೆ ತುದಿಯವು ಒಂದು ಸಾಲು, ನಮ್ಮ ವರ್ಗಾಕ್ಷರದ ಥರ. ಇಂಗ್ಲಿಷ್ ಲಿಪಿಗೆ ಅಂಟಿಕೊಳ್ಳದೆ ಅದನ್ನೇ ಹಿಡಿ.
ಎಡವೋದು ಎರಡು ಕಡೆ. ನಾವು ಫ ಅನ್ನು ಹಲ್ಲು–ತುಟಿ ಸೇರಿಸಿ ಅಂತೀವಿ. ಅಲ್ಲಿ ತುಟಿಯ ಫಾಂಗ್ ಅಂದರೆ ದಪ್ಪ, ಹಲ್ಲಿನ ಫಾಂಗ್ ಅಂದರೆ ಇಡು. ಇನ್ನೊಂದು ಸ್ವರ, ಅಂದರೆ ದನಿಯ ಏರಿಳಿತ. ಮಾಯ್ ತಗ್ಗಿಸಿದರೆ ಕೊಳ್ಳೋದು, ಮೇಲಿಂದ ಥಟ್ಟನೆ ಬೀಳಿಸಿದರೆ ಮಾರೋದು. ಎರಡು ತಗ್ಗುಸ್ವರ ಒಟ್ಟಿಗೆ ಬಂದರೆ ಮೊದಲನೆಯದು ಏರುತ್ತೆ, ನಮಸ್ಕಾರಕ್ಕೆ ಹೇಳೋ ನಿ ಹಾವ್ ಇದ್ದಂತೆ.

ದೊಡ್ಡಪ್ಪ: ಊಟದ ಮಾತು ಹೇಳಪ್ಪ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ಮನೆ ನಮ್ಮದು.

ಶಿಂಚು ಅಣ್ಣ: ಅದಕ್ಕೆ ತೈಪೆಯಷ್ಟು ಅನುಕೂಲದ ಊರು ಆ ಕಡೆ ಕಮ್ಮಿ ದೊಡ್ಡಪ್ಪ. ‘ಮಾಂಸ ಬೇಡ’ ಅಂದರೆ ಸಾಲದು, ಕೈಮಾ ತೆಗೆದು ಹಂದಿ ಕೊಬ್ಬಲ್ಲೇ ಸೊಪ್ಪು ಹುರಿದು ಕೊಡ್ತಾರೆ. ಸಸ್ಯಾಹಾರ ಅನ್ನೋ ಅರ್ಥದ ‘ಸು’ ಅಕ್ಷರ ಇರೋ ಅಂಗಡಿ ಹುಡುಕಬೇಕು, ಎಷ್ಟೋ ಕಡೆ ಬೌದ್ಧರ ಸ್ವಸ್ತಿಕವೂ ಇರುತ್ತೆ. ಸಸ್ಯಾಹಾರ ಅಂತ ಮಾರುವ ಪೊಟ್ಟಣದ ಮೇಲೆ ಐದರಲ್ಲಿ ಯಾವ ಬಗೆ ಅಂತ ಹಾಕಲೇಬೇಕು. ‘ನಾಯ್ ಸು’ ಅಂದರೆ ಹಾಲು ಸರಿ, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ‘ವು ಶಿನ್’ ಅಂತಿದ್ದರೆ ಬಿಡು, ಅದರಲ್ಲಿ ಬೆಳ್ಳುಳ್ಳಿ ಇರಬಹುದು.

ದೊಡ್ಡಪ್ಪ: ನಾಯ್ ಸು. ಬರೆದುಕೊಂಡೆ.

ಶಿಂಚು ಅಣ್ಣ: ಕಸಕ್ಕೆ ಅಂಗಡಿಯಲ್ಲಿ ಸಿಗೋ ನೀಲಿ ಚೀಲವೇ ಬೇಕು, ಅದರ ಬೆಲೆಯಲ್ಲೇ ಕಸದ ಶುಲ್ಕ ಸೇರಿದೆ. ಗಾಡಿ ಸಂಗೀತ ಹಾಕಿಕೊಂಡು ಬರುತ್ತೆ, ಕೈಯಾರೆ ಎಸೀಬೇಕು. ಬುಧವಾರ, ಭಾನುವಾರ ಬರಲ್ಲ. ಮೆಟ್ರೋದಲ್ಲಿ ನೀರು ಕುಡಿದರೂ ದಂಡ, 1,500 ತೈವಾನ್ ಡಾಲರಿಂದ ಶುರು.

ಹಾಸನದ ಮಾವ: ಸಂಗೀತ ಅಂದಾಗ ನೆನಪಾಯ್ತು. ಅಜ್ಜನ ಮನೆ ಬೀದಿಗೆ ಐಸ್‌ಕ್ಯಾಂಡಿಯವನ ಗಂಟೆ! ಹುಣಸೆಮರದ ಕೆಳಗೆ ಎಲ್ಲರೂ ಸಾಲು ನಿಲ್ತಿದ್ವಿ

ದಾವಣಗೆರೆ ಅತ್ತೆ: ಅಜ್ಜ ಎಲ್ಲರಿಗೂ ಕೊಡಿಸ್ತಿದ್ರು. ಯಾರ ಹೆಸರೂ ಬಿಡ್ತಿರಲಿಲ್ಲ.

ಪುಟ್ಟಿ: ಮಿಕ್ಸಿ ಪ್ಯಾಕ್ ಮಾಡಿದೀನಿ, ಸರಿನಾ?

ಶಿಂಚು ಅಣ್ಣ: ತೆಗೆದಿಡು. ಅಲ್ಲಿ 110 ವೋಲ್ಟ್, ನಮ್ಮ 230ರ ಮಿಕ್ಸಿಗೆ ಶಕ್ತಿ ಸಾಲಲ್ಲ. ಅಡಾಪ್ಟರ್ ಬದಲಿಸೋದು ಪಿನ್ ಮಾತ್ರ. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100–240 ಅಂತಿದ್ದರೆ ಧೈರ್ಯವಾಗಿ ಹಾಕು.

ದಾವಣಗೆರೆ ಅತ್ತೆ: ಚಟ್ನಿಪುಡಿ ಇಲ್ಲೇ ಕುಟ್ಟಿ ಕಳಿಸ್ತೀನಿ. ಬೆಳ್ಳುಳ್ಳಿ ಹಾಕಲ್ಲ ದೊಡ್ಡಪ್ಪ

ವಕೀಲ ಭಾವ: ಅತ್ತೆ, ಕಾರ್ಡಿನ ವಿಷಯಕ್ಕೆ ಸಂಜೆ ಫೋನ್ ಮಾಡ್ತೀನಿ