ಹಸಿರು ಮೊಟ್ಟೆ ಇಡೋ ಹೇಂಟೆ ಯಾವ ತಳಿ?

ಗೋಣಿಕೊಪ್ಪದಿಂದ: ಸಂತೇಲಿ ತಂದ ಹೇಂಟೆ ಈಗ ತಿಳಿ ಹಸಿರು ಮೊಟ್ಟೆ ಇಡ್ತಾ ಇದೆ, ಕೆನ್ನೆ ಹತ್ರ ಗಡ್ಡದ ಥರ ಪುಕ್ಕ, ಕಾಲು ಹಸಿರು ಹಸಿರು, ಜುಟ್ಟು ಚಿಕ್ಕದಾಗಿ ತಲೆಗೆ ಅಂಟ್ಕೊಂಡಿದೆ. ಕೊಟ್ಟವರು ಅಮೆರಾಕಾನ ಅಂದ್ರು, ನಿಜಾನಾ?

ಸೋಮವಾರಪೇಟೆಯಿಂದ: ಶುದ್ಧ ಅಮೆರಾಕಾನ ನೀಲಿ ಮೊಟ್ಟೆ ಇಡುತ್ತೆ, ಕಾಲು ಸ್ಲೇಟ್ ಬಣ್ಣ ಇರ್ಬೇಕು. ನಿಮ್ದು ಬಹುಶಃ ಈಸ್ಟರ್ ಎಗ್ಗರ್, ಅಂದ್ರೆ ಮಿಶ್ರ ತಳಿ. ಒಂದು ಮೊಟ್ಟೆ ಒಡೆದು ಒಳಗಿನ ಪೊರೆ ಸುಲಿದು ನೋಡಿ, ಚಿಪ್ಪಿನ ಒಳಗೂ ತಿಳಿ ನೀಲಿ ಕಾಣುತ್ತೆ, ಯಾಕಂದ್ರೆ ಬಿಲಿವರ್ಡಿನ್ ಅನ್ನೋ ಬಣ್ಣ ಚಿಪ್ಪಿನ ಹೊರಗಿಂದ ಒಳಗಿನವರೆಗೂ ಇಳಿದಿರುತ್ತೆ, ಕಂದು ಮಾತ್ರ ಕೊನೇಲಿ ಮೇಲೆ ಬಳಿದಂಗೆ ಕೂರುತ್ತೆ, ಎರಡೂ ಸೇರಿದ್ರೆ ಹಸಿರು.

ಮಡಿಕೇರಿಯಿಂದ: ಜುಟ್ಟು ಗಮನಿಸಿದ್ದು ತುಂಬಾ ಒಳ್ಳೇದಾಯ್ತು! ಅದು ಬಟಾಣಿ ಜುಟ್ಟು, ಅದರ ಜೀನೂ ನೀಲಿ ಮೊಟ್ಟೆ ಜೀನೂ ಒಂದೇ ಕ್ರೋಮೋಸೋಮಲ್ಲಿ ಹತ್ರ ಹತ್ರ ಇರೋದ್ರಿಂದ ಹೆಚ್ಚಾಗಿ ಜೊತೆಗೇ ಬರುತ್ತೆ. ಮರಿ ಮಾಡಿಸಿದ್ರೆ ಅಂಥ ಜುಟ್ಟಿನವನ್ನೇ ಉಳಿಸ್ಕೊಳ್ಳಿ.

ಕುಶಾಲನಗರದಿಂದ: ಹಾಗೇ ಕಡಕ್‌ನಾಥ್ ಕಪ್ಪು ಮೊಟ್ಟೆ ಇಡುತ್ತೆ ಅಂತ ಯಾರಾದ್ರೂ ಹೇಳಿದ್ರೆ ದುಡ್ಡು ಕೊಡ್ಬೇಡಿ, ಮಾಂಸ ಕಪ್ಪಾದ್ರೂ ಮೊಟ್ಟೆ ತಿಳಿ ಕಂದೇ.